ಆರದ ಆವಿಗೆ

ಮಣ್ಣನ್ನು ನೀರಿನಲ್ಲಿ ಕಲಸಿ, ಬೆಂಕಿಯಲ್ಲಿ ಸುಟ್ಟು, ತನಗೆ ಬೇಕಾದ ವಸ್ತುವನ್ನು ಮಾಡಿಕೊಳ್ಳುವುದು ಮನುಷ್ಯನು ಕಲಿತ ಅತಿ ಪುರಾತನ ವಿದ್ಯೆಗಳಲ್ಲಿ ಒಂದು. ನೀರು ತುಂಬುವ ಗಡಿಗೆ, ಅನ್ನ ಬೇಯಿಸುವ ಮಡಕೆ, ಕತ್ತಲೆಯನ್ನು ಕಳೆಯುವ ಹಣತೆ ಇವೆಲ್ಲವೂ ಆ ವಿದ್ಯೆಯ ಫಲಗಳೇ. ಕಾಲ ಕಳೆದಂತೆ ಮನುಷ್ಯನು ಉಪಯೋಗದ ಜೊತೆಗೆ ಅಂದವನ್ನೂ ಬಯಸಿದನು. ಸುಟ್ಟ ಮಣ್ಣಿನ ಮೇಲೆ ಬಣ್ಣದ ಚಿತ್ರಗಳನ್ನು ಬರೆದು, ಅದರ ಮೇಲೆ ಗಾಜಿನಂತಹ ಮೆರುಗನ್ನು ಕೊಟ್ಟು, ಬಿಸಿಲು ಮಳೆಗಳಿಗೆ ಸುಲಭವಾಗಿ ಮಾಸದ ಪಿಂಗಾಣಿಯನ್ನು ಸೃಷ್ಟಿಸಿದನು.

ಇಂತಹ ಕಲೆ ಗ್ರಂಥಗಳಲ್ಲಿ ಬದುಕುವುದಕ್ಕಿಂತ ಹೆಚ್ಚಾಗಿ ಮನೆತನಗಳಲ್ಲಿ ಬದುಕುತ್ತದೆ. ಮಣ್ಣಿನ ಹದ, ಬಣ್ಣದ ಪಾಕ, ಬೆಂಕಿಯ ಪ್ರಮಾಣ ಇವು ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಕೈಯಿಂದ ಕೈಗೆ ಬರತಕ್ಕವು. ಹೀಗಿರುವಾಗ ಆ ಮನೆತನಗಳೇ ನೆಲೆ ಕಳೆದುಕೊಂಡು ದಿಕ್ಕಾಪಾಲಾದರೆ ಕಲೆಯ ಗತಿಯೇನು? ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರ ಕೊಟ್ಟವರು ಆರ್ಮೇನಿಯನ್ ಕಲಾವಿದರಾದ ಡೇವಿಡ್ ಒಹಾನೆಸಿಯನ್.

ಒಹಾನೆಸಿಯನ್ನರು 1884ರಲ್ಲಿ ಜನಿಸಿದರು. ಅವರ ಹುಟ್ಟೂರು ಇಂದಿನ ತುರ್ಕಿ ದೇಶದ ವಾಯವ್ಯ ಭಾಗದಲ್ಲಿ, ಎಸ್ಕಿಶೆಹಿರ್ ನಗರದ ಸಮೀಪದಲ್ಲಿದ್ದ ಒಂದು ಬೆಟ್ಟದ ಹಳ್ಳಿ. ಆ ಕಾಲದಲ್ಲಿ ಅದು ಆಟೊಮನ್ ಸಾಮ್ರಾಜ್ಯಕ್ಕೆ ಸೇರಿತ್ತು. ಸಾಮ್ರಾಜ್ಯವನ್ನು ಆಳುತ್ತಿದ್ದವರು ಮುಸಲ್ಮಾನರಾದ ಸುಲ್ತಾನರು. ಆರ್ಮೇನಿಯನ್ನರು ಅದರಲ್ಲಿ ಅಲ್ಪಸಂಖ್ಯಾತರಾಗಿದ್ದ ಒಂದು ಪ್ರಾಚೀನ ಕ್ರೈಸ್ತ ಜನಾಂಗ. ತಮ್ಮದೇ ಆದ ಭಾಷೆ, ಲಿಪಿ, ಸಾಹಿತ್ಯಗಳನ್ನು ಉಳಿಸಿಕೊಂಡು ಬಂದಿದ್ದ ಈ ಜನರು ವ್ಯಾಪಾರಿಗಳಾಗಿಯೂ ಕುಶಲಕರ್ಮಿಗಳಾಗಿಯೂ ಸಾಮ್ರಾಜ್ಯದ ನಗರಗಳಲ್ಲೆಲ್ಲ ನೆಲೆಸಿದ್ದರು. ಯೌವನದಲ್ಲಿ ಒಹಾನೆಸಿಯನ್ನರು ಕುತಾಹ್ಯ ಎಂಬ ಪಟ್ಟಣಕ್ಕೆ ಬಂದರು. ಅವರ ಬಾಳಿನ ದಾರಿ ನಿಶ್ಚಿತವಾದದ್ದು ಅಲ್ಲಿ.

ಕುತಾಹ್ಯ ಪಿಂಗಾಣಿಗೆ ಹೆಸರಾದ ಊರು. ಅದಕ್ಕಿಂತ ಮೊದಲು ಈ ಕಲೆಯಲ್ಲಿ ಕೀರ್ತಿಶಿಖರವನ್ನು ಏರಿದ್ದುದು ಇಜ್ನಿಕ್ ಎಂಬ ಪಟ್ಟಣ. ಹದಿನಾರನೆಯ ಶತಮಾನದಲ್ಲಿ ಸುಲ್ತಾನರು ಕಟ್ಟಿಸಿದ ಮಸೀದಿಗಳಿಗೂ ಅರಮನೆಗಳಿಗೂ ಗೋಡೆಯ ಹೊದಿಕೆಯಾಗುವ ಪಿಂಗಾಣಿ ಬಿಲ್ಲೆಗಳು ಅಲ್ಲಿಂದಲೇ ಹೋಗುತ್ತಿದ್ದವು. ಚೀನಾ ದೇಶದ ನೀಲಿ ಬಿಳುಪಿನ ಪಾತ್ರೆಗಳು ಅಲ್ಲಿಯ ಕುಶಲಕರ್ಮಿಗಳಿಗೆ ಸ್ಫೂರ್ತಿಯನ್ನು ಕೊಟ್ಟಿದ್ದುದರಿಂದ ತುರ್ಕಿ ಭಾಷೆಯಲ್ಲಿ ಈ ಬಿಲ್ಲೆಗಳಿಗೆ ಚೀನಿ ಎಂಬ ಹೆಸರೇ ಬಂದಿತು. ಸಾಮ್ರಾಜ್ಯದ ಸಂಪತ್ತು ಕುಗ್ಗಿದಂತೆ ಇಜ್ನಿಕ್ಕಿನ ಆವಿಗೆಗಳು ಒಂದೊಂದಾಗಿ ತಣ್ಣಗಾದವು. ಕಲೆಯ ಬೆಳಕು ಕುತಾಹ್ಯದಲ್ಲಿ ಉಳಿಯಿತು. ಅಲ್ಲಿ ಅದನ್ನು ಕಾಪಾಡಿಕೊಂಡು ಬಂದವರಲ್ಲಿ ಆರ್ಮೇನಿಯನ್ ಮನೆತನಗಳು ಪ್ರಮುಖವಾದವು. ಈ ಮನೆತನಗಳ ಕೈಚಳಕ ಬಹು ದೂರದವರೆಗೂ ಹರಡಿತ್ತು. 1719ರ ಸುಮಾರಿನಲ್ಲಿ ಕುತಾಹ್ಯದ ಆರ್ಮೇನಿಯನ್ನರು ತಯಾರಿಸಿದ ಚಿತ್ರಬಿಲ್ಲೆಗಳು ಪವಿತ್ರ ನಗರವಾದ ಜೆರೂಸಲೆಮ್ಮನ್ನು ತಲಪಿ, ಅಲ್ಲಿಯ ಸಂತ ಜೇಮ್ಸರ ಆರ್ಮೇನಿಯನ್ ಚರ್ಚಿನ ಗೋಡೆಗಳನ್ನು ಸೇರಿದ್ದವು. ಎರಡು ನೂರು ವರ್ಷಗಳ ಅನಂತರ ಆ ಕಲೆಯೇ ಆಶ್ರಯವನ್ನು ಅರಸುತ್ತ ಅದೇ ನಗರಕ್ಕೆ ಬರಬೇಕಾಗುವುದೆಂದು ಅಂದು ಯಾರೂ ಊಹಿಸಿರಲಾರರು.

ಈ ಕಲೆ ಅಪಾರವಾದ ತಾಳ್ಮೆಯನ್ನು ಬೇಡುತ್ತದೆ. ಬೆಣಚುಕಲ್ಲಿನ ನುಣ್ಣನೆಯ ಪುಡಿ, ಜೇಡಿಮಣ್ಣು, ಅರೆದ ಗಾಜು ಇವುಗಳನ್ನು ಹದವಾಗಿ ಬೆರೆಸಿ ಬಿಲ್ಲೆಯನ್ನು ತಯಾರಿಸಬೇಕು. ಅದರ ಮೇಲೆ ಬಿಳಿಯ ಮಣ್ಣಿನ ತೆಳುವಾದ ಲೇಪವನ್ನು ಕೊಟ್ಟು ಸುಡಬೇಕು. ಚಿತ್ರವನ್ನು ಮೊದಲು ಕಾಗದದ ಮೇಲೆ ಬರೆದು, ಗೆರೆಗಳ ಉದ್ದಕ್ಕೂ ಸೂಜಿಯಿಂದ ಚುಚ್ಚುತ್ತಾರೆ. ಆ ಕಾಗದವನ್ನು ಬಿಲ್ಲೆಯ ಮೇಲಿಟ್ಟು, ತೂತಿನ ಅಚ್ಚಿನಿಂದ ರಂಗೋಲಿಯನ್ನು ಹಾಕುವ ಹಾಗೆ, ಇದ್ದಲಿನ ಪುಡಿಯನ್ನು ತೀಡಿದರೆ ಚಿತ್ರದ ಚುಕ್ಕೆಗಳು ಕೆಳಗೆ ಮೂಡುತ್ತವೆ. ಅವುಗಳನ್ನು ಅನುಸರಿಸಿ ಕುಂಚದಿಂದ ಕಪ್ಪು ರೇಖೆಗಳನ್ನು ಎಳೆದು, ನಡುವೆ ಬಣ್ಣಗಳನ್ನು ತುಂಬುತ್ತಾರೆ. ಕೋಬಾಲ್ಟಿನಿಂದ ಗಾಢ ನೀಲಿ, ತಾಮ್ರದಿಂದ ಹಸಿರು ಮತ್ತು ಹಸಿರುನೀಲಿ, ಕಬ್ಬಿಣದ ಅಂಶವುಳ್ಳ ಮಣ್ಣಿನಿಂದ ಕೆಂಪು ದೊರೆಯುತ್ತವೆ. ಕೊನೆಗೆ ಬಿಲ್ಲೆಯನ್ನು ಮೆರುಗಿನ ದ್ರವದಲ್ಲಿ ಅದ್ದಿ, ಸೌದೆಯ ಬೆಂಕಿಯ ಆವಿಗೆಯಲ್ಲಿ ಮತ್ತೊಮ್ಮೆ ಸುಡುತ್ತಾರೆ. ಒಳಗೆ ಹೋಗುವಾಗ ಚಿತ್ರವು ಬಿಳಿಯ ಲೇಪದ ಹಿಂದೆ ಪೂರ್ತಿಯಾಗಿ ಮರೆಯಾಗಿರುತ್ತದೆ. ಲೇಪವು ಕರಗಿ ತಿಳಿಗಾಜಾದಾಗ ಮಾತ್ರ ಬಣ್ಣಗಳು ಹೊಳೆಯುತ್ತವೆ. ಬೆಂಕಿ ಹೆಚ್ಚಾದರೆ ಬಣ್ಣ ಹರಿದುಹೋಗುತ್ತದೆ. ಕಡಿಮೆಯಾದರೆ ಮೆರುಗು ಬರುವುದಿಲ್ಲ. ಆದುದರಿಂದ ಆವಿಗೆಯ ಬಾಯನ್ನು ತೆರೆಯುವವರೆಗೂ ಕಲಾವಿದನಿಗೆ ತನ್ನ ಶ್ರಮದ ಫಲ ತಿಳಿಯದು.

ಒಹಾನೆಸಿಯನ್ನರು ಈ ವಿದ್ಯೆಯನ್ನು ಕುತಾಹ್ಯದ ಕುಶಲಕರ್ಮಿಗಳ ನಡುವೆ ಕಲಿತು, 1907ರಲ್ಲಿ ತಮ್ಮದೇ ಆದ ಕಾರ್ಯಾಗಾರವನ್ನು ಆರಂಭಿಸಿದರು. ಆಗ ಇಸ್ತಾಂಬುಲ್ ಮೊದಲಾದ ನಗರಗಳಲ್ಲಿ ಹಳೆಯ ಕಟ್ಟಡಗಳ ಜೀರ್ಣೋದ್ಧಾರವೂ ಹೊಸ ಕಟ್ಟಡಗಳ ನಿರ್ಮಾಣವೂ ಭರದಿಂದ ನಡೆಯುತ್ತಿದ್ದುದರಿಂದ ಬಿಲ್ಲೆಗಳಿಗೆ ಬೇಡಿಕೆ ಹೆಚ್ಚಿತ್ತು. ದೊಡ್ಡ ಕೆಲಸಗಳು ಬಂದಾಗ ಕುತಾಹ್ಯದ ಕಾರ್ಯಾಗಾರಗಳು ಕೂಡಿ ದುಡಿಯುತ್ತಿದ್ದವು. ಆರ್ಮೇನಿಯನ್ನರಾದ ಮಿನಾಸಿಯನ್ ಸಹೋದರರು, ಮುಸಲ್ಮಾನರಾದ ಮೆಹಮದ್ ಎಮಿನ್ ಅವರು ಒಹಾನೆಸಿಯನ್ನರ ಸಮಕಾಲೀನರೂ ಸಹೋದ್ಯೋಗಿಗಳೂ ಆಗಿದ್ದರು. ಮಸೀದಿಯ ಗೋಡೆಗೆ ಕ್ರೈಸ್ತನು ಬಿಲ್ಲೆ ಮಾಡುವುದರಲ್ಲಿ ಯಾರಿಗೂ ವಿಚಿತ್ರ ಕಾಣುತ್ತಿರಲಿಲ್ಲ. ಒಹಾನೆಸಿಯನ್ನರ ಹೆಸರು ಹೊರದೇಶಗಳಿಗೂ ಹಬ್ಬಿತು. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿದ್ದ ಸ್ಲೆಡ್ಮಿಯರ್ ಎಂಬ ಬಂಗಲೆ 1911ರಲ್ಲಿ ಬೆಂಕಿಗೆ ಆಹುತಿಯಾಗಿತ್ತು. ಅದನ್ನು ಮತ್ತೆ ಕಟ್ಟಿಸುವಾಗ ಅದರ ಒಡೆಯರಾದ ಸರ್ ಮಾರ್ಕ್ ಸೈಕ್ಸ್ ಒಂದು ಕೋಣೆಯನ್ನು ತುರ್ಕಿಯ ಶೈಲಿಯಲ್ಲಿ ಅಲಂಕರಿಸಬೇಕೆಂದು ಬಯಸಿದರು. ಆ ಕೆಲಸವನ್ನು ಒಹಾನೆಸಿಯನ್ನರು ವಹಿಸಿಕೊಂಡು ಪೂರೈಸಿದರು. ಈ ಒಂದು ಪರಿಚಯವೇ ಮುಂದೆ ಅವರ ಬದುಕಿಗೆ ಆಸರೆಯಾಯಿತು.

1914ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾಯಿತು. ಮರುವರ್ಷ ಆಟೊಮನ್ ಸರ್ಕಾರವು ಆರ್ಮೇನಿಯನ್ ಜನಾಂಗವನ್ನೇ ಅವರ ಊರುಗಳಿಂದ ಕಿತ್ತುಹಾಕಲು ತೊಡಗಿತು. ಮನೆಮಠಗಳನ್ನು ಕಳೆದುಕೊಂಡ ಜನರನ್ನು ಸಿರಿಯದ ಮರುಭೂಮಿಯ ಕಡೆಗೆ ಅಟ್ಟಲಾಯಿತು. ಕೊಲೆ, ಹಸಿವು, ರೋಗಗಳಿಗೆ ಲಕ್ಷಾಂತರ ಮಂದಿ ಬಲಿಯಾದರು. ಇತಿಹಾಸದ ಘೋರ ನರಮೇಧಗಳಲ್ಲಿ ಇದೂ ಒಂದು. ಇಂತಹ ಕತ್ತಲೆಯಲ್ಲಿಯೂ ಮಾನವೀಯತೆಯ ಬೆಳಕು ಪೂರ್ತಿಯಾಗಿ ನಂದಿರಲಿಲ್ಲ. ಕುತಾಹ್ಯದ ಆಡಳಿತಾಧಿಕಾರಿಯಾಗಿದ್ದ ಫಾಯಿಕ್ ಅಲಿ ಎಂಬವರು ಕವಿಗಳೂ ಆಗಿದ್ದರು. ತಮ್ಮ ಊರಿನ ಆರ್ಮೇನಿಯನ್ನರನ್ನು ಹೊರಗೆ ಅಟ್ಟಬೇಕೆಂಬ ಆಜ್ಞೆಯನ್ನು ಅವರು ಪಾಲಿಸಲಿಲ್ಲ. ಅವರ ಧೈರ್ಯದಿಂದಾಗಿ ಅಲ್ಲಿಯ ಅನೇಕ ಕುಟುಂಬಗಳು ಪ್ರಾಣ ಉಳಿಸಿಕೊಂಡವು. ಆದರೆ ಒಹಾನೆಸಿಯನ್ನರಿಗೆ ಆ ರಕ್ಷಣೆ ಒದಗಲಿಲ್ಲ. 1916ರಲ್ಲಿ ಅವರನ್ನು ಬಂಧಿಸಿ, ಪತ್ನಿ ವಿಕ್ಟೋರಿಯ ಮತ್ತು ಎಳೆಯ ಮಕ್ಕಳ ಸಹಿತ ಗಡೀಪಾರು ಮಾಡಲಾಯಿತು. ಕೈಯಾರೆ ಕಟ್ಟಿದ ಕಾರ್ಯಾಗಾರ, ಆವಿಗೆಗಳು, ಚಿತ್ರಗಳು ಎಲ್ಲವೂ ಹಿಂದೆ ಉಳಿದವು. ಕಷ್ಟಗಳ ಪರಂಪರೆಯನ್ನೇ ದಾಟಿ ಆ ಕುಟುಂಬವು ಸಿರಿಯದ ಅಲೆಪ್ಪೊ ನಗರದಲ್ಲಿ ನಿರಾಶ್ರಿತರ ನಡುವೆ ಹೇಗೋ ಜೀವ ಹಿಡಿದುಕೊಂಡಿತು.

1918ರ ಕೊನೆಯಲ್ಲಿ ಯುದ್ಧ ಮುಗಿಯಿತು. ಅಲೆಪ್ಪೊ ನಗರವು ಬ್ರಿಟಿಷರ ವಶವಾಯಿತು. ಬ್ರಿಟಿಷ್ ಸರ್ಕಾರದ ಕಾರ್ಯಾರ್ಥವಾಗಿ ಅಲ್ಲಿಗೆ ಬಂದ ಮಾರ್ಕ್ ಸೈಕ್ಸ್ ಅವರಿಗೆ ತಮ್ಮ ಬಂಗಲೆಯನ್ನು ಅಲಂಕರಿಸಿದ ಕಲಾವಿದರು ನಿರಾಶ್ರಿತರ ಗುಂಪಿನಲ್ಲಿ ಸಿಕ್ಕಿದರು. ಸೈಕ್ಸ್ ಅವರು ಕೆಲವೇ ತಿಂಗಳುಗಳಲ್ಲಿ, 1919ರ ಫೆಬ್ರವರಿಯಲ್ಲಿ, ತೀರಿಕೊಂಡರು. ಆದರೆ ಅಷ್ಟರೊಳಗಾಗಿ ಅವರ ಶಿಫಾರಸಿನಿಂದ ಒಹಾನೆಸಿಯನ್ನರಿಗೆ ಜೆರೂಸಲೆಮ್ಮಿನ ಬಾಗಿಲು ತೆರೆದಿತ್ತು.

ಜೆರೂಸಲೆಮ್ ಯಹೂದಿ, ಕ್ರೈಸ್ತ, ಇಸ್ಲಾಂ ಈ ಮೂರು ಮತಗಳಿಗೂ ಪವಿತ್ರವಾದ ನಗರ. ಅಲ್ಲಿ 691–92ರಲ್ಲಿ ಪೂರ್ಣಗೊಂಡ ಕುಬ್ಬತ್ ಅಸ್ ಸಖ್ರಾ, ಎಂದರೆ ಬಂಡೆಯ ಮೇಲಣ ಗುಮ್ಮಟ, ಇಸ್ಲಾಮೀ ವಾಸ್ತುಶಿಲ್ಪದ ಅತ್ಯಂತ ಪ್ರಾಚೀನ ಕಟ್ಟಡಗಳಲ್ಲಿ ಒಂದು. ಹದಿನಾರನೆಯ ಶತಮಾನದಲ್ಲಿ ಸುಲ್ತಾನ್ ಸುಲೈಮಾನನು ಅದರ ಹೊರಗೋಡೆಗಳಿಗೆ ಬಣ್ಣದ ಪಿಂಗಾಣಿ ಬಿಲ್ಲೆಗಳನ್ನು ಹೊದಿಸಿದ್ದನು. ಗಾಳಿ ಮಳೆಗಳ ಹೊಡೆತಕ್ಕೆ ಸಿಕ್ಕಿ ಅವುಗಳಲ್ಲಿ ಹಲವು ಉದುರಿಹೋಗಿದ್ದವು. ನಗರದ ಬ್ರಿಟಿಷ್ ಆಡಳಿತಾಧಿಕಾರಿ ರೊನಾಲ್ಡ್ ಸ್ಟಾರ್ಸ್ ಅವರು 1918ರಲ್ಲಿ ಹಳೆಯ ನಗರದ ಸಂರಕ್ಷಣೆಗಾಗಿ ಒಂದು ಸಂಘವನ್ನು ಸ್ಥಾಪಿಸಿದ್ದರು. ಗುಮ್ಮಟದ ಬಿಲ್ಲೆಗಳನ್ನು ಮತ್ತೆ ತಯಾರಿಸಬಲ್ಲ ಕುಶಲಿಗಾಗಿ ಅವರು ಹುಡುಕುತ್ತಿದ್ದರು. ಆ ಕೆಲಸಕ್ಕೆ ಒಹಾನೆಸಿಯನ್ನರನ್ನು ಕರೆಸಲಾಯಿತು.

ಅವರ ಮನಸ್ಸಿನ ಹಿರಿಮೆಯನ್ನು ಈ ಸಂದರ್ಭದಲ್ಲಿ ಗಮನಿಸಬೇಕು. ಯಾವ ಸಾಮ್ರಾಜ್ಯದ ಆಳರಸರು ತಮ್ಮ ಜನಾಂಗವನ್ನು ನಾಶಮಾಡಿದರೋ ಅದೇ ಸಾಮ್ರಾಜ್ಯದ ಹಿಂದಿನ ಸುಲ್ತಾನನೊಬ್ಬನು ಮಾಡಿಸಿದ ಅಲಂಕಾರವನ್ನು ಅವರು ಸರಿಪಡಿಸಬೇಕಾಗಿತ್ತು. ಕಹಿಯನ್ನು ಮನಸ್ಸಿನಲ್ಲಿ ತುಂಬಿಕೊಳ್ಳಲು ಅವರಿಗೆ ಎಷ್ಟು ಕಾರಣಗಳು ಬೇಕಾದರೂ ಇದ್ದವು. ಆದರೂ ಅವರು ಆ ಕೆಲಸಕ್ಕೆ ಕೈಹಾಕಿದರು. ಆಳಿದವರ ಪಾಪವನ್ನು ಕಲೆಯ ತಲೆಗೆ ಕಟ್ಟಲಿಲ್ಲ. ಆ ನೀಲಿ ಹಸಿರು ಹೂಬಳ್ಳಿಗಳು ಸುಲ್ತಾನರ ಸೊತ್ತಾಗಿದ್ದಂತೆಯೇ ಅವುಗಳನ್ನು ತಲೆತಲಾಂತರದಿಂದ ಬರೆದ ಆರ್ಮೇನಿಯನ್ ಕೈಗಳ ಸೊತ್ತೂ ಆಗಿದ್ದವು.

ಒಬ್ಬರಿಂದಲೇ ಆಗುವ ಕೆಲಸ ಅದಾಗಿರಲಿಲ್ಲ. ತಿಗರಿಯನ್ನು ತಿರುಗಿಸುವವರು ಬೇಕು, ಚಿತ್ರ ಬರೆಯುವವರು ಬೇಕು, ಆವಿಗೆಯನ್ನು ಬಲ್ಲವರು ಬೇಕು. ಆದುದರಿಂದ 1919ರಲ್ಲಿ ಒಹಾನೆಸಿಯನ್ನರು ತಮ್ಮನ್ನು ಹೊರದೂಡಿದ್ದ ಕುತಾಹ್ಯಕ್ಕೆ ಮತ್ತೆ ಪ್ರಯಾಣ ಮಾಡಿದರು. ಬದುಕಿ ಉಳಿದಿದ್ದ ಕುಶಲಕರ್ಮಿಗಳನ್ನು ಕಂಡು, ಒಪ್ಪಿಸಿ, ಕುಟುಂಬ ಸಹಿತರಾಗಿ ಜೆರೂಸಲೆಮ್ಮಿಗೆ ಕರೆತಂದರು. ಅವರಲ್ಲಿ ಪಾತ್ರೆಗಳನ್ನು ಮಾಡುವುದರಲ್ಲಿ ನಿಪುಣರಾದ ನೆಶಾನ್ ಬಾಲಿಯನ್, ಚಿತ್ರ ಬರೆಯುವುದರಲ್ಲಿ ಪರಿಣತರಾದ ಮೆಗರ್ದಿಚ್ ಕರಕಾಶಿಯನ್ ಮುಖ್ಯರಾದವರು. ಕೆಲವೇ ವರ್ಷಗಳಲ್ಲಿ ಕುತಾಹ್ಯದ ಆರ್ಮೇನಿಯನ್ ಬಡಾವಣೆಯು ಬಹುಮಟ್ಟಿಗೆ ಬರಿದಾಯಿತು. ಒಹಾನೆಸಿಯನ್ನರು ಆ ಪ್ರಯಾಣವನ್ನು ಕೈಗೊಳ್ಳದೆ ಇದ್ದಿದ್ದರೆ ಆ ಮನೆತನಗಳ ವಿದ್ಯೆ ಎಲ್ಲಿ ಚೆದುರಿಹೋಗುತ್ತಿತ್ತೋ ಹೇಳಲಾಗದು.

ಹೊಸ ನಾಡಿನಲ್ಲಿ ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕಾಯಿತು. ಮಣ್ಣು ಬೇರೆ, ಸೌದೆ ಬೇರೆ, ಹವೆ ಬೇರೆ. ಹಳೆಯ ಪಾಕಗಳನ್ನು ಹೊಸ ಸಾಮಗ್ರಿಗಳಿಗೆ ಹೊಂದಿಸಿಕೊಳ್ಳಬೇಕಿತ್ತು. ಅಷ್ಟರಲ್ಲಿ ಇನ್ನೊಂದು ನಿರಾಶೆ ಕಾದಿತ್ತು. ಯಾವ ಮಹಾಕಾರ್ಯಕ್ಕಾಗಿ ಅವರೆಲ್ಲರೂ ಬಂದಿದ್ದರೋ ಆ ಗುಮ್ಮಟದ ಜೀರ್ಣೋದ್ಧಾರವು ಹಣದ ಕೊರತೆಯಿಂದಾಗಿ ಅವರು ಎಣಿಸಿದಂತೆ ನೆರವೇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಎದೆಗುಂದಿ ಕೆಲಸವನ್ನೇ ಬಿಟ್ಟುಬಿಡುತ್ತಿದ್ದರೇನೋ! ಒಹಾನೆಸಿಯನ್ನರು ಹಾಗೆ ಮಾಡಲಿಲ್ಲ. ಹೊತ್ತಿಸಿದ ಆವಿಗೆಯನ್ನು ಆರಗೊಡದೆ, ಹಳೆಯ ನಗರದ ವಿಯಾ ಡೊಲೊರೋಸ ಎಂಬ ಬೀದಿಯಲ್ಲಿದ್ದ ತಮ್ಮ ಕಾರ್ಯಾಗಾರದಲ್ಲಿ ನಿತ್ಯೋಪಯೋಗದ ತಟ್ಟೆ, ಬಟ್ಟಲು, ಹೂದಾನಿಗಳನ್ನೂ ಮನೆಗಳ ಗೋಡೆಗೆ ಬೇಕಾದ ಬಿಲ್ಲೆಗಳನ್ನೂ ತಯಾರಿಸತೊಡಗಿದರು. ಏಸುಕ್ರಿಸ್ತನು ಶಿಲುಬೆಯನ್ನು ಹೊತ್ತು ನಡೆದನೆಂದು ಭಕ್ತರು ನಂಬುವ ದಾರಿ ಅದು. ದೇಶದೇಶಗಳ ಯಾತ್ರಿಕರು ಅಲ್ಲಿ ಬಂದುಹೋಗುತ್ತಿದ್ದುದರಿಂದ ಅವರ ಪಿಂಗಾಣಿ ಬಹು ಬೇಗ ಪ್ರಸಿದ್ಧಿಗೆ ಬಂದಿತು.

ನಗರದ ಸಂರಕ್ಷಣೆಯ ಸಂಘಕ್ಕೆ ಇಂಗ್ಲೆಂಡಿನ ವಾಸ್ತುಶಿಲ್ಪಿ ಸಿ. ಆರ್. ಆಶ್ಬೀ ಅವರು ಕಾರ್ಯದರ್ಶಿಗಳಾಗಿದ್ದರು. ಯಂತ್ರಗಳ ಭರಾಟೆಯಲ್ಲಿ ಕೈಕಸಬುಗಳು ನಾಶವಾಗಬಾರದೆಂಬುದು ಅವರ ದೃಢವಾದ ನಂಬಿಕೆ. ಅವರ ಪ್ರೋತ್ಸಾಹದಿಂದ ಒಹಾನೆಸಿಯನ್ನರ ಕಾರ್ಯಾಗಾರಕ್ಕೆ ಜೆರೂಸಲೆಮ್ಮಿನ ಬೀದಿಗಳ ಹೆಸರಿನ ಫಲಕಗಳನ್ನು ಮಾಡಿಕೊಡುವ ಕೆಲಸ ದೊರೆಯಿತು. ಇಂಗ್ಲಿಷ್, ಅರಬ್ಬಿ, ಹೀಬ್ರೂ ಈ ಮೂರು ಭಾಷೆಗಳಲ್ಲಿ ಬರೆದ ಆ ಪಿಂಗಾಣಿ ಫಲಕಗಳಲ್ಲಿ ಕೆಲವು ಇಂದಿಗೂ ಉಳಿದಿವೆ. ಮೂರು ಭಾಷೆಗಳಲ್ಲಿ ಒಂದೂ ಅವರ ತಾಯ್ನುಡಿಯಲ್ಲ.

1922ರಲ್ಲಿ ಬಾಲಿಯನ್ ಮತ್ತು ಕರಕಾಶಿಯನ್ ಅವರು ಒಹಾನೆಸಿಯನ್ನರಿಂದ ಬೇರೆಯಾಗಿ, ನಾಬ್ಲುಸ್ ರಸ್ತೆಯಲ್ಲಿ ತಮ್ಮದೇ ಆದ ಕಾರ್ಯಾಗಾರವನ್ನು ತೆರೆದರು. ತಾವು ಕರೆತಂದ ನುರಿತ ಕೈಗಳು ಬಿಟ್ಟುಹೋದದ್ದು ಒಹಾನೆಸಿಯನ್ನರಿಗೆ ದೊಡ್ಡ ನಷ್ಟವೇ ಆಯಿತು. ಆದರೆ ಕಲೆಯ ದೃಷ್ಟಿಯಿಂದ ನೋಡಿದರೆ ಒಂದು ಬೇರಿನಿಂದ ಎರಡು ಸಸಿಗಳು ಮೊಳೆತಂತಾಯಿತು. ಒಹಾನೆಸಿಯನ್ನರು ಧೃತಿಗೆಡದೆ ಹೊಸಬರನ್ನು ತರಬೇತುಗೊಳಿಸಿದರು. ನರಮೇಧದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಆರ್ಮೇನಿಯನ್ ಮಕ್ಕಳು ಅವರಲ್ಲಿ ಇದ್ದರು. ಆ ಅನಾಥರ ಕೈಗೆ ಕುಂಚವನ್ನು ಕೊಟ್ಟು ಅವರು ಅನ್ನದ ದಾರಿಯನ್ನು ತೋರಿಸಿದರು. ಕಳೆದುಹೋದ ಊರಿನ ಒಂದು ತುಣುಕನ್ನೂ ಅವರಿಗೆ ದಕ್ಕಿಸಿಕೊಟ್ಟರು.

ಜೆರೂಸಲೆಮ್ಮಿನ ಮಣ್ಣಿನಲ್ಲಿ ಈ ಕಲೆಯ ರೂಪವೂ ಬದಲಾಗತೊಡಗಿತು. ಕುತಾಹ್ಯದಿಂದ ತಂದ ಹೂಗಳು, ಬಾಗಿದ ಎಲೆಗಳು, ಸರುವೆ ಮರಗಳು ಹಾಗೆಯೇ ಉಳಿದವು. ಅವುಗಳ ಜೊತೆಗೆ ಜಿಂಕೆ, ನವಿಲು, ದ್ರಾಕ್ಷಿಯ ಬಳ್ಳಿಗಳು ಸೇರಿಕೊಂಡವು. 1894ರಲ್ಲಿ ಆ ನಗರದ ಡಮಾಸ್ಕಸ್ ಬಾಗಿಲಿನ ಸಮೀಪದಲ್ಲಿ ಬಹು ಪುರಾತನವಾದ, ಬಣ್ಣದ ಕಲ್ಲುಚೂರುಗಳಿಂದ ರಚಿಸಿದ ಒಂದು ಚಿತ್ರದ ನೆಲಗಟ್ಟು ಪತ್ತೆಯಾಗಿತ್ತು. ಅದರಲ್ಲಿ ದ್ರಾಕ್ಷಿಯ ಬಳ್ಳಿಯ ಸುರುಳಿಗಳ ನಡುವೆ ಬಗೆಬಗೆಯ ಹಕ್ಕಿಗಳಿವೆ. ಹೆಸರು ತಿಳಿಯದೆ ಮಡಿದ ಆರ್ಮೇನಿಯನ್ನರ ನೆನಪಿಗಾಗಿ ಅದನ್ನು ರಚಿಸಿದುದಾಗಿ ಆರ್ಮೇನಿಯನ್ ಲಿಪಿಯ ಬರಹವೊಂದು ಅದರ ಮೇಲಿದೆ. ಗುರುತಿಲ್ಲದೆ ಮಡಿದ ಲಕ್ಷಾಂತರ ಬಂಧುಗಳನ್ನು ಹಿಂದೆ ಬಿಟ್ಟು ಬಂದಿದ್ದ ಈ ಜನರಿಗೆ ಅದು ಬರಿಯ ಅಲಂಕಾರವಾಗಿ ಕಾಣದೆ ಇದ್ದುದು ಸಹಜ. ಆ ಹಕ್ಕಿಗಳೂ ಬಳ್ಳಿಗಳೂ ಜೆರೂಸಲೆಮ್ಮಿನ ಆರ್ಮೇನಿಯನ್ ಪಿಂಗಾಣಿಯ ಮೇಲೆ ಮತ್ತೆ ಮತ್ತೆ ಕಾಣಿಸಿಕೊಂಡವು.

ಮುಂದಿನ ಎರಡು ದಶಕಗಳು ಒಹಾನೆಸಿಯನ್ನರ ಪಾಲಿಗೆ ಸಾರ್ಥಕ ದುಡಿಮೆಯ ಕಾಲ. 1930ರಲ್ಲಿ ಆರಂಭವಾದ ಸಂತ ಆಂಡ್ರ್ಯೂವಿನ ಸ್ಕಾಟಿಷ್ ಚರ್ಚು, ಅಮೆರಿಕನ್ ಕಾಲೊನಿ ಎಂದು ಹೆಸರಾದ ವಸತಿಗೃಹ, ಬ್ರಿಟಿಷ್ ಹೈಕಮಿಷನರ ನಿವಾಸ, 1938ರಲ್ಲಿ ತೆರೆದ ಪ್ರಾಚ್ಯವಸ್ತು ಸಂಗ್ರಹಾಲಯ ಮೊದಲಾದ ಕಟ್ಟಡಗಳನ್ನು ಅವರ ಬಿಲ್ಲೆಗಳು ಅಲಂಕರಿಸಿದವು. ಸಂಗ್ರಹಾಲಯದ ಒಳ ಅಂಗಳದಲ್ಲಿ ನೀರಿನ ಕೊಳದ ತುದಿಗೆ ಅವರು ರಚಿಸಿದ ನೀಲಿ ಹಸಿರು ಬಣ್ಣಗಳ ಕಮಾನುಗೂಡು ಇಂದಿಗೂ ನೋಡುವವರ ಕಣ್ಣನ್ನು ತಣಿಸುತ್ತದೆ. ಈಜಿಪ್ಟಿನ ಕೈರೊ ನಗರದ ಮಾನಿಯಲ್ ಅರಮನೆಯ ಮಸೀದಿಯಲ್ಲಿಯೂ ಅವರ ಪಿಂಗಾಣಿಯ ಕೆಲಸವಿದೆ. ಯಾವ ಮತದ ಕಟ್ಟಡವೆಂಬ ಭೇದವನ್ನು ಎಣಿಸದೆ ಅವರು ಎಲ್ಲಕ್ಕೂ ಒಂದೇ ಶ್ರದ್ಧೆಯಿಂದ ದುಡಿದರು.

ಆದರೆ ಅವರ ಬಾಳಿನ ಕೊನೆಯ ಪರೀಕ್ಷೆ ಇನ್ನೂ ಉಳಿದಿತ್ತು. 1948ರಲ್ಲಿ ಬ್ರಿಟಿಷರು ಪ್ಯಾಲೆಸ್ಟೈನನ್ನು ಬಿಟ್ಟುಹೋದರು. ಯಹೂದಿಗಳಿಗೂ ಅರಬರಿಗೂ ನಡುವೆ ಯುದ್ಧ ಹೊತ್ತಿಕೊಂಡು ಜೆರೂಸಲೆಮ್ ಇಬ್ಭಾಗವಾಯಿತು. ಅರುವತ್ತನ್ನು ದಾಟಿದ್ದ ಒಹಾನೆಸಿಯನ್ನರು ಮತ್ತೊಮ್ಮೆ ಮನೆಯನ್ನೂ ಕಾರ್ಯಾಗಾರವನ್ನೂ ತೊರೆದು ಹೊರಡಬೇಕಾಯಿತು. ಕೆಲವು ಕಾಲ ಕೈರೊದಲ್ಲಿದ್ದು, ಕೊನೆಗೆ ಲೆಬನಾನಿನ ಬೈರೂತ್ ನಗರವನ್ನು ಸೇರಿದರು. ಅಲ್ಲಿಯೇ 1953ರಲ್ಲಿ ಅವರು ಕಾಲವಾದರು. ಹುಟ್ಟಿದ ನಾಡಿಗೂ, ಕಲೆಯಿಂದ ತಮ್ಮದನ್ನಾಗಿ ಮಾಡಿಕೊಂಡ ನಗರಕ್ಕೂ ಅವರು ಹಿಂದಿರುಗಿ ಹೋಗಲಾಗಲಿಲ್ಲ.

ಒಹಾನೆಸಿಯನ್ನರ ಕಾರ್ಯಾಗಾರ ಅವರೊಡನೆ ಮುಗಿಯಿತಾದರೂ ಅವರು ತಂದ ಕಲೆ ಮುಗಿಯಲಿಲ್ಲ. ಬಾಲಿಯನ್ ಮತ್ತು ಕರಕಾಶಿಯನ್ ಮನೆತನಗಳು ಬಹು ಕಾಲ ಕೂಡಿ ದುಡಿದು, ಮುಂದೆ ಬೇರೆ ಬೇರೆ ಕಾರ್ಯಾಗಾರಗಳನ್ನು ನಡೆಸಿದವು. ಮಕ್ಕಳು, ಮೊಮ್ಮಕ್ಕಳು ಅದೇ ಕುಂಚವನ್ನು ಹಿಡಿದರು. ಕುತಾಹ್ಯದಿಂದ ಬಂದ ಕಲೆಗೆ ಇಂದು ಜೆರೂಸಲೆಮ್ಮಿನ ಹೆಸರೇ ಅಂಟಿಕೊಂಡಿದೆ. ಪರದೇಶಿಯಾಗಿ ಬಂದದ್ದು ಊರಿನ ಗುರುತೇ ಆಗಿ ನಿಂತಿದೆ.

ಒಬ್ಬ ಮನುಷ್ಯನಿಂದ ಮನೆಯನ್ನು ಕಸಿದುಕೊಳ್ಳಬಹುದು, ಸಂಪತ್ತನ್ನು ಕಸಿದುಕೊಳ್ಳಬಹುದು, ನಾಡನ್ನೇ ಕಸಿದುಕೊಳ್ಳಬಹುದು. ಆದರೆ ಅವನು ಶ್ರದ್ಧೆಯಿಂದ ಕಲಿತು ಇತರರಿಗೆ ಹಂಚಿದ ವಿದ್ಯೆಯನ್ನು ಕಸಿದುಕೊಳ್ಳುವುದು ಯಾವ ಅರಸನಿಗೂ ಸುಲಭವಲ್ಲ. ಒಹಾನೆಸಿಯನ್ನರು ತಮ್ಮ ವಿದ್ಯೆಯನ್ನು ತಮ್ಮಲ್ಲಿಯೇ ಬಚ್ಚಿಟ್ಟುಕೊಂಡಿದ್ದರೆ ಅದು ಅಲೆಪ್ಪೊದ ಬೀದಿಗಳಲ್ಲಿ ಅಥವಾ ಬೈರೂತಿನಲ್ಲಿ ಅವರೊಡನೆಯೇ ಮಣ್ಣುಗೂಡುತ್ತಿತ್ತು. ಹಂಚಿದುದರಿಂದ ಅದು ಉಳಿಯಿತು. ತಮ್ಮ ಮನೆಯ ದಾರಿಯನ್ನು ಎರಡು ಬಾರಿ ಕಳೆದುಕೊಂಡ ಆ ಕಲಾವಿದರು ಮಾಡಿದ ಬೀದಿಯ ಫಲಕಗಳು, ಜೆರೂಸಲೆಮ್ಮಿಗೆ ಬರುವ ಅಪರಿಚಿತರಿಗೆ ಇಂದಿಗೂ ದಾರಿಯನ್ನು ತೋರಿಸುತ್ತಿವೆ.